ಕೆರೆಗೋಡಿನ ಬೇಸಿಗೆ

ಹೋದ ತಿಂಗಳು ನಮ್ಮ ಆಫೀಸಿನ ಪದ್ಮಾವತಿ ಇಂದಿರಾನಗರದಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈತೊಳೆಯಲು ಹಿತ್ತಲಿಗೆ ಹೋದರೆ, ಗಿಡ ಹಾಕಲೆಂದು ತರಿಸಿದ ಕೆರೆಗೋಡಿನ, ಕೆರೆಯ ತಳದ ಮಣ್ಣಿನ, ರಾಶಿ ಬಿದ್ದಿತ್ತು. ಯಾರೋ ಅದರ ಮೇಲೇ ಕೈತೊಳೆದು ಹೋಗಿದ್ದರು. ಒಣಗಿದ ಮಣ್ಣಿಗೆ ನೀರು ತಾಗಿ ಪಾಚಿಯ, ಮೀನಿನ, ಬಿಸಿಲಿನ ವಾಸನೆ ಒಟ್ಟಿಗೇ ಎದ್ದಿತು. ನನಗೆ ಗೊತ್ತಿಲ್ಲದೆಯೇ ಕೂತುಕೊಂಡು ಹೆಂಟೆಯೊಂದನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದೆ.

"ಏನ್ರೀ ಸರೋಜಾ, ತಲೆ ಸುತ್ತು ಬಂತಾ?" ಎಂದು ಪದ್ಮಾವತಿ ಓಡಿಬಂದಳು.

"ಇಲ್ಲಮ್ಮ, ಒಳ್ಳೇ ಮಣ್ಣು ಅಂತ ನೋಡ್ತಿದ್ದೆ" ಎಂದೆ. ರೇಷ್ಮೆ ಸೀರೆಯ ಸೆರಗಿಗೆ ಕೈ ಒರೆಸಿಕೊಂಡದ್ದು ಮನೆಗೆ ಬಂದ ಮೇಲೆ ತಿಳಿಯಿತು.

ಆ ವಾಸನೆ ನನ್ನ ಪಾಲಿಗೆ ಒಂದೇ ಒಂದು ಬೇಸಿಗೆಯದು. ಬಾಂಗ್ಲಾ ಯುದ್ಧ ಮುಗಿದ ಮೇಲೆ ಬಂದ ಬೇಸಿಗೆ. ಯುದ್ಧದ ದಿನಗಳಲ್ಲಿ ಕಿಟಕಿ ಗಾಜುಗಳಿಗೆ ಅಂಟಿಸಿದ್ದ ಕಪ್ಪು ಕಾಗದವನ್ನು ನಾವಿನ್ನೂ ಪೂರ್ತಿ ಕಿತ್ತಿರಲಿಲ್ಲ. ಹಲಸೂರಿನ ಒಂದು ಓಣಿಯಲ್ಲಿ ಮಹಡಿ ಮೇಲಿನ ಎರಡು ಕೋಣೆ, ಒಂದು ಅಡಿಗೆಮನೆ, ಮುಂದೆ ತಾರಸಿ. ಇದ್ದವರು ನಾನು ಮತ್ತು ನನ್ನ ತಮ್ಮ ನಾಗಭೂಷಣ. ನಾನು ಮದುವೆಯಾದ ಮೂರನೇ ವರ್ಷಕ್ಕೇ ತವರಿಗೆ ವಾಪಸಾದವಳು, ಇನ್ಶೂರೆನ್ಸ್ ಆಫೀಸಿನಲ್ಲಿ ಟೈಪಿಸ್ಟು. ಅವನು ಮದುವೆಯ ಮಾತೆತ್ತಿದರೆ ಚಪ್ಪಲಿ ಮೆಟ್ಟಿ ಹೊರಗೆ ಹೋಗುವವನು, ಕಂಟೋನ್ಮೆಂಟಿನ ಒಂದು ಸರ್ಕಾರಿ ಕಚೇರಿಯಲ್ಲಿ ಪುರಾತತ್ತ್ವದ ಕೆಲಸ.

ಪುರಾತತ್ತ್ವವೆಂದರೆ ಜನ ದೇವಸ್ಥಾನ, ಶಾಸನ, ಚಿನ್ನದ ನಾಣ್ಯ ಅಂದುಕೊಳ್ಳುತ್ತಾರೆ. ಭೂಷಣನಿಗೆ ಅದು ಯಾವುದೂ ಬೇಡ. "ರಾಜನ ಸಮಾಚಾರ ರಾಜನೇ ಕಲ್ಲಲ್ಲಿ ಕೆತ್ತಿಸಿ ಹೋಗಿದಾನೆ ಅಕ್ಕ. ಗಂಜಿ ಕುಡಿದೋನು ಎಲ್ಲಿ ಮನೆ ಕಟ್ಕೊಂಡಿದ್ದ, ನೀರಿಗೆ ಎಷ್ಟು ದೂರ ಹೋಗ್ತಿದ್ದ, ಅದನ್ನ ಯಾರು ಬರೆದರು?" ಎನ್ನುತ್ತಿದ್ದ. ಹಳೆಯ ಕಾಲದ ಜನ ಯಾವ ಇಳಿಜಾರಿನಲ್ಲಿ ಊರು ಮಾಡಿದರು, ಒಂದೂರಿಗೂ ಇನ್ನೊಂದೂರಿಗೂ ಎಷ್ಟು ಅಂತರ ಬಿಟ್ಟರು, ಊರು ದೊಡ್ಡದಾದರೆ ಎತ್ತ ಒಡೆದು ಹೋದರು, ಇದೇ ಅವನ ಧ್ಯಾನ. ಮಳೆಗಾಲ ಕಳೆದು ಹೊಲದ ಮಣ್ಣು ತೊಳೆದುಹೋದಾಗ ಮಡಕೆಯ ಬೋಕಿ ಚೂರುಗಳು ಮೇಲೆ ಎದ್ದು ಕಾಣುತ್ತವೆಯಂತೆ. ಹಾಗಾಗಿ ದಸರೆಯಿಂದ ಸಂಕ್ರಾಂತಿಯವರೆಗೆ ಅವನಿಗೆ ಭಾನುವಾರವೆಂಬುದೇ ಇರಲಿಲ್ಲ. ಮುಂಜಾನೆ ಎದ್ದು ಶಿವಾಜಿನಗರಕ್ಕೆ ಹೋಗಿ ಕೆ.ಆರ್. ಪುರದ ಬಸ್ಸು ಹಿಡಿದು, ಎಲ್ಲೋ ನಡುದಾರಿಯಲ್ಲಿ ಇಳಿದು, ಹೊಲದಿಂದ ಹೊಲಕ್ಕೆ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದ. ಸಂಜೆ ಚೀಲ ತುಂಬ ಬೋಕಿ. ಸಂಕ್ರಾಂತಿ ದಾಟಿದರೆ ಕಚೇರಿಯವರು ಅವನನ್ನು ಬಳ್ಳಾರಿ, ರಾಯಚೂರು ಕಡೆ ಅಗೆತದ ಕೆಲಸಕ್ಕೆ ಕಳಿಸುತ್ತಿದ್ದರು. ಬೇಸಿಗೆಯಲ್ಲಿ ಅವನು ಬೆಂಗಳೂರಲ್ಲಿ ಇದ್ದದ್ದೇ ಇಲ್ಲ. ಆಗ ಇದೊಂದು ಮುಖ್ಯ ಸಂಗತಿಯೆಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಬೋಕಿ ತೊಳೆಯುವುದು ನನ್ನ ಪಾಲಿನ ಕೆಲಸ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಒಂದೊಂದನ್ನೇ ಉಜ್ಜಿ, ಮೊರದಲ್ಲಿ ಹರಡಿ, ತಾರಸಿಯಲ್ಲಿ ಒಣಗಿಸಬೇಕು. ಒಳಗೆಲ್ಲ ಕಪ್ಪು, ಹೊರಗೆ ಕೆಂಪು ಇರುವ ನುಣ್ಣನೆಯ ಚೂರುಗಳು ಬಹಳ ಹಿಂದಿನವು. ಅವುಗಳ ಮೇಲೆ ಅವನು ಇಂಡಿಯನ್ ಇಂಕಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಹೊಲದ ಗುರುತು ಬರೆಯುತ್ತಿದ್ದ. ಕೆಳಗಿನ ಮನೆಯ ಒಡತಿ, ತಮಿಳು ಮನೆಮಾತಿನ ರಾಜಮ್ಮನವರು ಹಪ್ಪಳ ಒಣಹಾಕಲು ಬಂದಾಗೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದರು.

"ಅಯ್ಯೋ ಕಡವುಳೇ! ಏನ್ ಸರೋಜಮ್ಮಾ, ನಿಮ್ಮ ತಂಬಿ ಕೈಗೆ ಇಷ್ಟು ವರ್ಷದಲ್ಲಿ ಒಂದು ಪೂರ್ತಿ ಮಡಕೆ ಸಿಕ್ಕಿಲ್ವಾ? ನಾನು ಬೇಕಾದ್ರೆ ಮರ್ಫಿ ಟೌನ್ ಮಾರ್ಕೆಟಿಂದ ಒಂದು ತಂದು ಕೊಡ್ತೀನಿ."

"ಅದನ್ನ ಒಡೆದು ಕೊಡ್ತೀರಾ ರಾಜಮ್ಮ?" ಎಂದು ಭೂಷಣ ಒಳಗಿನಿಂದಲೇ ಕೂಗುತ್ತಿದ್ದ.

ಹೀಗೆ ವರ್ಷಗಟ್ಟಲೆ ನಡೆದದ್ದರ ಫಲ ಗೋಡೆಯ ಮೇಲಿನ ನಕ್ಷೆ. ಕಗ್ಗಲಹಳ್ಳಿಯ ಕೆರೆ, ಅದರ ಕೆಳಗಿನ ಹೊಲಗಳು, ಹೊಲಗಳಲ್ಲಿ ಕೆಂಪು ಮಸಿಯ ಚುಕ್ಕಿಗಳು. ದೊಮ್ಮಲೂರು ದಾಟಿ ಪೂರ್ವಕ್ಕೆ ಹೋದರೆ ಸಿಗುತ್ತಿದ್ದ ಸಣ್ಣ ಊರು ಅದು. ಬೋಕಿ ದಟ್ಟವಾಗಿ ಸಿಕ್ಕಿದ ಕಡೆಯೆಲ್ಲ ಒಂದು ಚುಕ್ಕಿ. ಅವು ಇಳಿಜಾರಿನ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ, ಹೂ ಪೋಣಿಸಿದ ಹಾಗೆ ಸಾಲಾಗಿದ್ದವು. ಒಂದು ತಾಯಿಯೂರು ಬೆಳೆದು ಒಡೆದು, ಮಕ್ಕಳೂರುಗಳು ಒಂದೊಂದು ಕೂಗಳತೆ ದೂರದಲ್ಲಿ ನೆಲೆಯಾದವು ಎಂದು ಅವನು ಬರೆದ. ಆ ಇಂಗ್ಲಿಷ್ ವರದಿಯನ್ನು ನಾನೇ, ಶಿವಾಜಿನಗರದಲ್ಲಿ ಹಳೇ ಸಾಮಾನಿನ ಅಂಗಡಿಯಿಂದ ತಂದ ಟೈಪ್‌ರೈಟರಿನಲ್ಲಿ ಕುಟ್ಟಿದೆ. ಅವನ ಸಾಹೇಬರಿಗೆ ತುಂಬ ಹಿಡಿಸಿತು. ವರದಿ ಅಚ್ಚಾಗಲಿ, ಅಲ್ಲಿಯವರೆಗೆ ಒಂದು ಚುಕ್ಕಿಯಲ್ಲಿ ಗುಂಡಿ ತೆಗೆದು ಮನೆಯ ನೆಲವನ್ನೋ ಒಲೆಯನ್ನೋ ತೋರಿಸಿ, ಆಮೇಲೆ ಹೊಸದಾಗಿ ಶುರುವಾಗುವ ಸರ್ವೇ ವಿಭಾಗಕ್ಕೆ ನೀವೇ ಮುಖ್ಯಸ್ಥರು ಎಂದರು. ಗುಡಿಯ ಗೋಪುರ ನೋಡದೆ ಹೊಲ ತುಳಿದವನಿಗೆ ಅಂಥ ಕುರ್ಚಿ ಸಿಗುವುದೆಂದರೆ ಸಣ್ಣ ಮಾತಲ್ಲ. ಅವನ ಹಿಂದೆ ಬಂದವರೆಲ್ಲ ಮುಂದೆ ಹೋಗಿದ್ದರು. ಅವನಿಗೆ ನಲವತ್ತು ಹತ್ತಿರವಾಗುತ್ತಿತ್ತು.

ಹೀಗಾಗಿ ಆ ವರ್ಷ ಮೊದಲ ಸಲ ಭೂಷಣ ಬೇಸಿಗೆಗೆ ಊರಲ್ಲಿ ಉಳಿದ.

ಗುಂಡಿ ತೆಗೆದದ್ದು ಪಿಳ್ಳಪ್ಪನವರ ರಾಗಿ ಹೊಲದಲ್ಲಿ. ಅವರು ಕಗ್ಗಲಹಳ್ಳಿಯ ಹಳೆಯ ಕುಳ. ಬಡಾವಣೆಗೆಂದು ಒಂದಿಷ್ಟು ಜಮೀನು ಹೋಗಿ, ಬಂದ ಹಣದಲ್ಲಿ ಒಬ್ಬ ಮಗ ಲಾರಿ ಇಟ್ಟಿದ್ದ, ಇನ್ನೊಬ್ಬ ಕಾರ್ಖಾನೆ ಸೇರಿದ್ದ. ಪಿಳ್ಳಪ್ಪನವರು ಮಾತ್ರ ಹೊಲದ ಬದುವಿನ ಹೊಂಗೆಮರದ ಕೆಳಗೆ ಟವಲು ಹಾಸಿಕೊಂಡು ಕೂತಿರುತ್ತಿದ್ದರು. ರಜೆಯ ದಿನ ನಾನು ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರೆ, "ಬನ್ನಿ ಅಮ್ಮಾವ್ರೆ, ಕುಂತ್ಕಳಿ. ನಿಮ್ ತಮ್ಮಯ್ಯ ನಮ್ಮೊಲದಾಗೆ ನಿಧಿ ತೆಗೀತಾವ್ರೆ. ನಂಗರ್ಧ, ನಿಮ್ಗರ್ಧ" ಎಂದು ನಗುತ್ತಿದ್ದರು.

"ನಿಧಿ ಸಿಕ್ಕಿದರೆ ಪೂರ್ತಿ ನಿಮಗೇ ಇಟ್ಕೊಳಿ" ಎಂದರೆ, "ಅಂಗಾರೆ ಸಿಕ್ಕಾಕಿಲ್ಲ ಬುಡಿ. ಇಷ್ಟು ಸಲೀಸಾಗಿ ಕೊಡ್ತೀರಾ ಅಂದ್ರೆ!" ಎನ್ನುತ್ತಿದ್ದರು.

ಬಿಸಿಲೆಂದರೆ ಕಣ್ಣು ಬಿಡಲಾಗದ ಬಿಸಿಲು. ಹಿಂದಿನ ವರ್ಷ ಮಳೆ ಸರಿಯಾಗಿ ಆಗದೆ ಕೆರೆ ತಳ ಕಂಡಿತ್ತು. ಗುಂಡಿಯಲ್ಲಿ ಮೇಲಿನ ಒಂದು ಗೇಣು ಮಣ್ಣಿನಲ್ಲಿ ಬೇಕಾದಷ್ಟು ಬೋಕಿ ಬಂತು. ಕಪ್ಪು, ಕೆಂಪು, ಒಳ್ಳೇ ಹೊಳಪಿನವು. ಅದರ ಕೆಳಗೆ ಕೆಂಪು ಮಣ್ಣು. ಅದರ ಕೆಳಗೆ ಗರಸು. ನೆಲವಿಲ್ಲ, ಬೂದಿಯಿಲ್ಲ, ಕಂಬ ನೆಟ್ಟ ಕುಳಿಯಿಲ್ಲ. ಭೂಷಣ ಪಕ್ಕದಲ್ಲಿ ಇನ್ನೊಂದು ತೆಗೆಸಿದ. ಅಲ್ಲೂ ಅಷ್ಟೇ. "ನೇಗಿಲು ತಿಂದುಬಿಟ್ಟಿದೆ ಅಕ್ಕ. ಎಷ್ಟು ತಲೆಮಾರು ಉತ್ತಿದಾರೋ" ಎಂದ. ಆಮೇಲೆ ಮುಂದಿನ ಚುಕ್ಕಿಗೆ ಹೋದ. ಅಲ್ಲಿಯೂ ಮೇಲಿನ ಗೇಣಿನಲ್ಲಿ ಊರೇ ಇದ್ದಂತೆ ಬೋಕಿ, ಕೆಳಗೆ ಯಾರೂ ಕಾಲಿಡದ ಗರಸು. ರಾತ್ರಿ ಊಟಕ್ಕೆ ಕೂತಾಗ ಸಾರು ಕಲಸಿದ ಅನ್ನ ಹಾಗೆಯೇ ಆರುತ್ತಿತ್ತು. "ಬಡಿಸಲಾ?" ಎಂದರೆ "ಬಡಿಸಿದ್ದೇ ಇದೆಯಲ್ಲ" ಎನ್ನುತ್ತಿದ್ದ.

ಅಷ್ಟು ಹೊತ್ತೂ ಗುಂಡಿಯ ಪಕ್ಕದಲ್ಲೇ ಎತ್ತಿನ ಗಾಡಿಗಳು ಓಡಾಡುತ್ತಿದ್ದವು. ಕೆರೆ ಒಣಗಿದರೆ ತಳದ ಗೋಡು ಅಗೆದು ಹೊಲಕ್ಕೆ ಹೊಡೆಯುವುದು ಆ ಕಡೆಯವರ ಪದ್ಧತಿ. ಗೊಬ್ಬರಕ್ಕಿಂತ ಒಳ್ಳೆಯದಂತೆ. ಗಾಡಿಗಳಿಗೆ ದಾರಿ ಬಿಡಲು ಭೂಷಣ ತಾನು ಕಟ್ಟಿದ್ದ ಅಳತೆಯ ದಾರವನ್ನೇ ಎಷ್ಟೋ ಸಲ ಎತ್ತಿ ಹಿಡಿದಿದ್ದ. ನಾನೂ ಧೂಳಿಗೆ ಸೆರಗು ಮೂಗಿಗೆ ಅಡ್ಡ ಹಿಡಿದು ಕೂತಿದ್ದೆ. ಇಬ್ಬರೂ ಗಾಡಿಗಳನ್ನು ನೋಡಿದೆವು, ಗಾಡಿಯಲ್ಲಿ ಇದ್ದದ್ದನ್ನು ನೋಡಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ. ಗಾಡಿಯೊಂದರ ಚಕ್ರ ಕಲ್ಲು ಹತ್ತಿ, ಒಂದಷ್ಟು ಗೋಡು ನಮ್ಮ ಎದುರಿಗೇ ಉದುರಿತು. ಭೂಷಣ ಕೈಯಲ್ಲಿ ಮೊಸರನ್ನದ ತಟ್ಟೆ ಹಿಡಿದಿದ್ದವನು ಹಾಗೇ ನೋಡಿದ. ತಟ್ಟೆ ನೆಲದ ಮೇಲಿಟ್ಟು, ಎಡಗೈಯಲ್ಲೇ ಒಂದು ಹೆಂಟೆ ತೆಗೆದು ಒತ್ತಿದ. ಒಳಗೆ ಮಡಕೆಯ ಕಂಠದ ಒಂದು ಚೂರು, ಒಳಗೆ ಕಪ್ಪು, ಹೊರಗೆ ಕೆಂಪು. ಇನ್ನೊಂದು ಹೆಂಟೆ ಒಡೆದ. ಅದರಲ್ಲೂ ಒಂದು. ಆಮೇಲೆ ಎದ್ದು ಹೊಲದ ತಲೆಗೆ ಹೋಗಿ, ಗಾಡಿಯವರು ಆ ವಾರ ಇಳಿಸಿದ್ದ ಗುಡ್ಡೆಯ ಮುಂದೆ ಮೊಣಕಾಲೂರಿ ಎರಡೂ ಕೈಯಿಂದ ಕೆದಕತೊಡಗಿದ. ನಾನೂ ಎದ್ದು ಹತ್ತಿರ ಹೋದೆ.

"ಏನಾಯ್ತೋ?"

"ಕೆರೆಯೊಳಗಿಂದ ಬರ್ತಿದೆ ಅಕ್ಕ" ಎಂದ. "ಎಲ್ಲಾನೂ."

ಎದ್ದು ಪಿಳ್ಳಪ್ಪನವರ ಬಳಿ ಹೋಗಿ, ಮೆಲ್ಲಗೆ, ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಕೇಳುವವರ ಹಾಗೆ ಕೇಳಿದ. "ಈ ಗೋಡು ಹೊಡೆಯೋದು ಎಷ್ಟು ಕಾಲದಿಂದ ಇದೆ ಪಿಳ್ಳಪ್ಪನೋರೆ?"

"ಅದ್ಯಾಕೆ ಸಾಮಿ ಕೇಳ್ತೀರಾ? ನಮ್ಮಪ್ಪ ಹೊಡ್ದ, ಅವರಪ್ಪ ಹೊಡ್ದ. ಕೆರೆ ಒಣಗಿದ ವರ್ಸ ಹೊಡೀದಿದ್ರೆ ಅವನೊಬ್ಬ ಬೇಸಾಯಗಾರನಾ?"

"ಎಲ್ಲ ಹೊಲಕ್ಕೂ?"

"ಮತ್ತೆ? ಅಣ್ತಮ್ಮಂದ್ರು ಪಾಲಾದಾಗ ಹೊಲ ಪಾಲು, ಗೋಡೂ ಪಾಲು. ಅವರವರ ಪಟ್ಟೆ ತಲೇಲಿ ಅವರವರ ಗುಡ್ಡೆ. ಆಮ್ಯಾಕೆ ಎರಚ್ಕಬೋದು. ನಿಮ್ಗೇನಾರ ತೋಟಕ್ಕೆ ಬೇಕಿತ್ತಾ? ಒಂದ್ ಗಾಡಿ ಕಳಿಸ್ಲಾ?"

ಸಮ ಅಂತರದ ಗುಟ್ಟು ಅಷ್ಟೇ. ಅಣ್ಣತಮ್ಮಂದಿರು ಹಿಸ್ಸೆಯಾದ ಒಂದೊಂದು ಪಟ್ಟೆಗೂ ಒಂದೊಂದು ಗುಡ್ಡೆ, ಗುಡ್ಡೆ ಇಳಿದ ಜಾಗಕ್ಕೆ ನನ್ನ ತಮ್ಮನ ಒಂದೊಂದು ಚುಕ್ಕಿ. ಹಳೆಯ ಊರು ಇದ್ದದ್ದು ಒಂದೇ. ಅದು ಯಾವುದೋ ಕಾಲದಲ್ಲಿ ಏರಿ ಕಟ್ಟಿ ಕೆರೆ ಮಾಡಿದಾಗ ನೀರಿನೊಳಗೆ ಹೋಗಿತ್ತು. ಒಣಗಿದ ಬೇಸಿಗೆಗಳಲ್ಲಿ ಗೋಡಿನ ಜೊತೆಗೆ ಅದನ್ನೂ ಚೂರುಚೂರಾಗಿ ಗಾಡಿಗೆ ತುಂಬಿ ಹೊಲಕ್ಕೆ ಹೊಡೆದಿದ್ದರು. ಪ್ರತಿ ಬೇಸಿಗೆಯೂ ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಇರುತ್ತಿದ್ದವನು ಮಳೆ ಕಳೆದ ಮೇಲೆ ಬಂದು, ಉತ್ತ ಹೊಲದಲ್ಲಿ ತೊಳೆದಿಟ್ಟಂತೆ ಕಂಡ ಬೋಕಿ ನೋಡಿ ಅಲ್ಲೇ ಜನ ಇದ್ದರೆಂದು ನಂಬಿದ್ದ.

ಅವತ್ತು ಇಬ್ಬರೂ ಬಸ್ಸಿನಲ್ಲಿ ವಾಪಸಾದೆವು. ಹಲಸೂರಿನಲ್ಲಿ ಇಳಿದು ಓಣಿಗೆ ತಿರುಗುವಾಗ, "ಪೂರ್ತಿ ಹಾಳಾಗಿಲ್ಲ ಅಕ್ಕ. ತೂಬಿನ ಹತ್ತಿರ ಯಾರೂ ಅಗೆಯಲ್ಲ, ಏರಿ ಕುಸಿಯುತ್ತೆ ಅಂತ. ಅಲ್ಲಿ ನೆಲ ಹಾಗೇ ಇರುತ್ತೆ. ಅಲ್ಲೊಂದು ಗುಂಡಿ ತೆಗೆದರೆ ನಿಜವಾದ ಊರು ಸಿಗುತ್ತೆ" ಎಂದ. ಆ ಮಾತಿಗೆ ನಾನು ಜೋತುಬಿದ್ದೆ.

ಮಾರನೆಯ ದಿನ ಅವನು ಸಾಹೇಬರ ಮುಂದೆ ಎಲ್ಲವನ್ನೂ ಹೇಳಿದ. ಸಂಜೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಅವರ ದನಿಯಲ್ಲೇ ನನಗೆ ಆಡಿ ತೋರಿಸಿದ.

"ನೋಡಿ ನಾಗಭೂಷಣ್, ವರದಿ ಪ್ರೆಸ್ಸಿಗೆ ಹೋಗಿದೆ. ಕೆರೆಯಲ್ಲಿ ಅಗೆಯೋಕೆ ನಮಗೆ ಅಧಿಕಾರ ಇಲ್ಲ, ಅದು ಬೇರೆ ಇಲಾಖೆ. ಬರೀತೀನಿ, ಅವರು ಉತ್ತರ ಕೊಡೋ ಹೊತ್ತಿಗೆ ಕೆರೆ ತುಂಬಿರುತ್ತೆ. ಸುಮ್ನೆ ಬಿಡ್ರೀ. ಗಾಡಿ ಹೊಡೆಯೋರು ನಿಮ್ಮ ವರದಿ ಓದ್ತಾರಾ? ಓದೋರು ಗಾಡಿ ನೋಡಿದಾರಾ?"

ನನಗೆ ನಗು ಬಂತು. ಅವನು ನಗಲಿಲ್ಲ.

"ವರದಿ ವಾಪಸ್ ತಗೋತೀನಿ ಅಂದೆ ಅಕ್ಕ. ಹಾಗಾದರೆ ಸರ್ವೇ ವಿಭಾಗಕ್ಕೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ ಅಂದ್ರು."

ನಾನು ಒಲೆಯ ಮೇಲಿನ ಹುಳಿ ಇಳಿಸಿದೆ. ಆಮೇಲೆ ಜಗಳ ಆಡಿದೆ. ಇಷ್ಟು ವರ್ಷ ಮೊಣಕೈವರೆಗೆ ಮಣ್ಣು ಮಾಡಿಕೊಂಡದ್ದು ಇದಕ್ಕಾ, ಒಂದು ವರದಿ ತಪ್ಪಾದರೆ ಪ್ರಪಂಚ ಮುಳುಗುತ್ತಾ, ಕುರ್ಚಿಯಲ್ಲಿ ಕೂತ ಮೇಲೆ ನೀನೇ ಸರಿಮಾಡು, ಎಂದೆಲ್ಲ ಕೂಗಿದೆ. ಕೆಳಗೆ ರಾಜಮ್ಮನವರ ರೇಡಿಯೋ ನಿಂತಿತು.

"ಅಕ್ಕ, ಮುಂದೆ ಇನ್ನೊಬ್ಬ ಬರ್ತಾನೆ" ಎಂದ ಅವನು, ದನಿ ಏರಿಸದೆ. "ನನ್ನ ನಕ್ಷೆ ಇಟ್ಕೊಂಡು ಪಕ್ಕದ ಕೆರೆಗೆ ಹೋಗ್ತಾನೆ. ಅಲ್ಲೂ ಗೋಡಿನ ಗುಡ್ಡೆಗೆಲ್ಲ ಊರು ಅಂತಾನೆ. ಕೋಲಾರದವರೆಗೂ ಇಲ್ಲದ ಊರುಗಳನ್ನ ಕಟ್ಕೊಂಡು ಹೋಗ್ತಾರೆ. ಅದರ ತಳದಲ್ಲಿ ನನ್ನ ಹೆಸರಿರುತ್ತೆ."

"ನಿನ್ನ ಹೆಸರು ಎಲ್ಲೂ ಇಲ್ಲದ ಹಾಗೆ ಆಗುತ್ತಲ್ಲೋ" ಎಂದೆ.

ಊಟ ಆದ ಮೇಲೆ ಅವನು ಟೈಪ್‌ರೈಟರಿನ ಮುಚ್ಚಳ ತೆಗೆದು, ಹಾಳೆಯ ನಡುವೆ ಕಾರ್ಬನ್ ಇಟ್ಟು ಜೋಡಿಸಿ, ನನಗೆ ಮಣೆ ಸರಿಸಿದ. ವರದಿಯನ್ನು ವಾಪಸ್ ಪಡೆಯುವ ಪತ್ರ. ಅವನು ಹೇಳಿದ, ನಾನು ಹೊಡೆದೆ. ಮೊದಲಿನದೆಲ್ಲ ವಿವರ. ಗೋಡು, ಗಾಡಿ, ಪಾಲು. ಕೊನೆಗೆ ಒಂದು ಇಂಗ್ಲಿಷ್ ವಾಕ್ಯ. ನಕ್ಷೆಯಲ್ಲಿ ಗುರುತು ಮಾಡಿದ ಜಾಗಗಳಲ್ಲಿ ಜನ ವಾಸವಾಗಿದ್ದರೆನ್ನಲು ಯಾವ ಆಧಾರವೂ ಇಲ್ಲ, ಎಂದು ಅದರ ಅರ್ಥ. ನನ್ನ ಕೈ ನಿಂತಿತು. ಆ ಚುಕ್ಕಿಗಳಲ್ಲಿ ಸೌದೆ ತರುವ ಹೆಂಗಸರನ್ನು, ಅಂಗಳದಲ್ಲಿ ಕೂತ ಮುದುಕರನ್ನು ನಾನು ಬೋಕಿ ತೊಳೆಯುತ್ತ ತೊಳೆಯುತ್ತ ಕಣ್ಣಾರೆ ಕಂಡಂತೆ ನಂಬಿದ್ದೆ.

"ಹೊಡಿ ಅಕ್ಕ" ಎಂದ. ಹೊಡೆದೆ.

ಬೇರೆ ಇಲಾಖೆಯ ಉತ್ತರಕ್ಕೆ ಅವನು ಕಾದ. ದಿನಾ ಆಫೀಸು ಬಿಟ್ಟ ಮೇಲೆ ಕಗ್ಗಲಹಳ್ಳಿಗೆ ಹೋಗಿ ತೂಬಿನ ಹತ್ತಿರ ಬರಿದೇ ನಿಂತು ಬರುತ್ತಿದ್ದ. ಒಂದು ಸಲ ನಾನೂ ಹೋಗಿದ್ದೆ. ಏರಿಯ ಕೆಳಗೆ ಕರಿಯ ಮಣ್ಣು ಬಿರಿದು ಹರವಿಕೊಂಡಿತ್ತು. ಕೆರೆಯಂಗಳದ ಉಳಿದೆಡೆ ಅಗೆದ ಹೊಂಡಗಳೇ. ಹೊಂಡದ ತಳದಲ್ಲಿ ಗರಸು ಕಾಣುತ್ತಿತ್ತು. "ಇಲ್ಲಿ ಮಾತ್ರ" ಎಂದು ಕಾಲಿನಲ್ಲಿ ಗೆರೆ ಎಳೆದು ತೋರಿಸಿದ. "ಒಂದು ಮಂಚದಷ್ಟು ಜಾಗ ತೆಗೆದರೂ ಸಾಕು." ಗುದ್ದಲಿ ಅವನ ಚೀಲದಲ್ಲೇ ಇತ್ತು. ಅಪ್ಪಣೆಯಿಲ್ಲದೆ ನೆಲಕ್ಕೆ ಗುದ್ದಲಿ ಹಾಕಿದರೆ ಕಳ್ಳ ನಿಧಿ ತೆಗೆದ ಹಾಗೇ ಎಂದು ಅವನ ನಂಬಿಕೆ. ಅವನು ಹಾಕಲಿಲ್ಲ.

ಉತ್ತರಕ್ಕೆ ಮೊದಲು ಮಳೆ ಬಂತು. ಮೇ ತಿಂಗಳಲ್ಲೇ, ಆಲಿಕಲ್ಲಿನ ಜೊತೆಗೆ, ಎರಡು ದಿನ ಹಿಡಿದು ಹೊಡೆಯಿತು. ಮೂರನೆಯ ದಿನ ಹೋಗಿ ನೋಡಿ ಬಂದವನು ಪ್ಯಾಂಟಿನ ಕೆಸರು ತೊಳೆಯುತ್ತ, "ಮೊಣಕಾಲುದ್ದ ನಿಂತಿದೆ" ಎಂದಷ್ಟೇ ಹೇಳಿದ. ಅದರ ಮುಂದಿನ ವರ್ಷ ಕೆರೆ ಒಣಗುವವರೆಗೆ ಯಾರೂ ಕಾಯಲಿಲ್ಲ. ಏರಿ ಒಡೆದು ನೀರು ಬಿಟ್ಟು ಲಾರಿಗಟ್ಟಲೆ ಮಣ್ಣು ತಂದು ಸುರಿದರು. ಒಂದೆರಡು ಲಾರಿ ಪಿಳ್ಳಪ್ಪನವರ ಮಗನದೇ. ಆಮೇಲೆ ಅಲ್ಲಿ ಸೈಟಿನ ಕಲ್ಲುಗಳು ನಿಂತವು.

ಅಷ್ಟರಲ್ಲಿ ಭೂಷಣನನ್ನು ಉಗ್ರಾಣಕ್ಕೆ ಹಾಕಿದ್ದರು. ಯಾರೋ ಎಂದೋ ಅಗೆದು ತಂದ ಪೆಟ್ಟಿಗೆಗಳಿಗೆ ಚೀಟಿ ಬರೆದು ಅಂಟಿಸುವ ಕೆಲಸ. ಇಂದಿಗೂ ಅದೇ ಮಾಡುತ್ತಾನೆ. ಗೋಡೆಯ ನಕ್ಷೆಯನ್ನು ಅವನೇ ಇಳಿಸಿ ಸುತ್ತಿಟ್ಟ. ಬೋಕಿಗಳನ್ನು ಏನು ಮಾಡಿದನೆಂದು ನಾನು ಕೇಳಲಿಲ್ಲ. ತಾರಸಿ ಖಾಲಿಯಾದ ಮೇಲೆ ರಾಜಮ್ಮನವರು ಹಪ್ಪಳದ ಜೊತೆಗೆ ಸಂಡಿಗೆಯನ್ನೂ ಒಣಹಾಕಿದರು. ಒಂದು ದಿನ ತಾವಾಗಿಯೇ, "ತಂಬಿ ಯಾಕಮ್ಮ ಈಗ ಒಳಗಿಂದ ಬಯ್ಯೋದೇ ಇಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದು ಹೋದರು.

ಇನ್ನೊಂದು ವರ್ಷ ಕಳೆದ ಮೇಲೆ ಒಂದು ಸಂಜೆ ಅವನು ಕಂಕುಳಲ್ಲಿ ಪುಸ್ತಕವೊಂದನ್ನು ಹಿಡಿದು ಬಂದ. ಕಚೇರಿಯ ಪ್ರಕಟಣೆ, ಹಸಿರು ರಟ್ಟು, ಹೊಸ ಅಂಟಿನ ವಾಸನೆ. ಉಗ್ರಾಣಕ್ಕೆ ಇಡಲು ಬಂದ ಪ್ರತಿಗಳಲ್ಲಿ ಒಂದಂತೆ. ನಾನು ಕೈ ಒರೆಸಿಕೊಂಡು ತೆರೆದೆ. ಮಡಿಸಿಟ್ಟ ನಕ್ಷೆ ಬಿಚ್ಚಿಕೊಂಡಿತು. ಕಗ್ಗಲಹಳ್ಳಿಯ ಕೆರೆ, ಅದರ ಕೆಳಗೆ ಸಾಲಾಗಿ ಕೆಂಪು ಚುಕ್ಕಿಗಳು. ತಾಯಿಯೂರು, ಮಕ್ಕಳೂರು, ಕೂಗಳತೆ, ಒಂದೂ ಬಿಟ್ಟಿರಲಿಲ್ಲ. ಗೋಡಿನ ಮಾತು ಎಲ್ಲೂ ಇರಲಿಲ್ಲ. ಬರೆದವರ ಜಾಗದಲ್ಲಿ ಸಾಹೇಬರ ಹೆಸರು.

"ಇದೇನೋ ಇದು! ನೀನು ವಾಪಸ್ ತಗೊಂಡಿದ್ದೆಯಲ್ಲೋ!" ಎಂದೆ.

"ನನ್ನ ಹೆಸರನ್ನ ವಾಪಸ್ ಕೊಟ್ಟಿದಾರೆ" ಎಂದ.

ಕಾಫಿ ಇಟ್ಟೆ. ಅವನು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಬೆರಳನ್ನು ಸಾಲಿನ ಕೆಳಗೆ ಇಟ್ಟುಕೊಂಡು, ನಿಧಾನವಾಗಿ ಓದಿದ. ಕಾಫಿ ಕೆನೆ ಕಟ್ಟಿತು. ಓದಿ ಮುಗಿಸಿ, ನಕ್ಷೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಪುಸ್ತಕ ಮುಚ್ಚಿದ.

"ಒಂದು ಅಕ್ಷರತಪ್ಪೂ ಇಲ್ಲ ಅಕ್ಕ" ಎಂದ. "ತುಂಬ ಚೆನ್ನಾಗಿ ಟೈಪ್ ಮಾಡಿದ್ದೆ ನೀನು."